ಎಲುಬಲ್ಲಿ ಕಿಲೋಗಟ್ಟಲೆ, ರಕ್ತದಲ್ಲಿ ಬರಿದು: ಒಂದು ಹಾಲುಜ್ವರದ ಪ್ರಕರಣ

ನಾಲ್ಕನೇ ಸೂಲಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು. ಅಂದಾಜು 450 ಕಿಲೋ ತೂಕ. ಹಿಂದಿನ ಸೂಲಿನಲ್ಲಿ ದಿನಕ್ಕೆ 20 ಲೀಟರ್ ದಾಟಿ ಹಾಲು ಕೊಟ್ಟಿತ್ತು. ಚನ್ನರಾಯಪಟ್ಟಣ ಕಡೆಯ ಒಂದು ಹಳ್ಳಿಯಲ್ಲಿ ರಾತ್ರಿ ಕರು ಹಾಕಿತು. ಹೆಣ್ಣು ಕರು. ಹೆರಿಗೆಗೆ ಕಷ್ಟ ಆಗಲಿಲ್ಲ, ಕಸವೂ (ಮಾಸು) ಬೆಳಗಾಗುವಷ್ಟರಲ್ಲಿ ಬಿತ್ತು. ಕೆಚ್ಚಲು ಬಿಗಿದಿದೆ ಅಂತ ಮನೆಯವರು ಬೆಳಿಗ್ಗೆ ಪೂರ್ತಿ ಕರೆದರು. ಸುಮಾರು 8 ಲೀಟರ್ ಗಿಣ್ಣುಹಾಲು ಸಿಕ್ಕಿತು. ಕರುವಿಗೆ ಕುಡಿಸಿ, ಉಳಿದದ್ದರಲ್ಲಿ ಗಿಣ್ಣು ಮಾಡಿ ಅಕ್ಕಪಕ್ಕದ ಮನೆಗಳಿಗೆ ಹಂಚಿದರು. ಮಧ್ಯಾಹ್ನದ ಹೊತ್ತಿಗೆ ಹಸು ಹಿಂಗಾಲು ಎಳೆಯತೊಡಗಿತು. ಸಂಜೆ ಕುಸಿದು ಮಲಗಿತು. ಮತ್ತೆ ಏಳಲಿಲ್ಲ.

ನಾನು ಪಶುವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುವವಳು. ಚಿಕಿತ್ಸೆ ನನ್ನ ಕೆಲಸವಲ್ಲ. ಗಬ್ಬದ ಹಸುಗಳ ಮೂತ್ರದ ಪಿಎಚ್, ಅಂದರೆ ಅದು ಎಷ್ಟು ಆಮ್ಲ ಎಷ್ಟು ಕ್ಷಾರ ಎನ್ನುವ ಅಳತೆ, ನೋಡುವ ಕೆಲಸಕ್ಕಾಗಿ ನಾವು ಅದೇ ಊರಿನಲ್ಲಿದ್ದೆವು. ಇಬ್ಬರು ಸ್ನಾತಕೋತ್ತರ ವಿದ್ಯಾರ್ಥಿಗಳಿದ್ದರು. ಮೊದಲ ವರ್ಷದ ಕೆಲವರು ನೋಡಿ ಕಲಿಯಲಿ ಅಂತ ಅವರನ್ನೂ ಕರೆದುಕೊಂಡು ಹೋಗಿದ್ದೆ. ಪಶು ಆಸ್ಪತ್ರೆಯ ಡಾಕ್ಟರು ಬೈಕಿನಲ್ಲಿ ಬಂದಿಳಿದಾಗ ನಾವೂ ಕೊಟ್ಟಿಗೆಗೆ ಹೋದೆವು.

ಹಸು ಎದೆಯ ಮೇಲೆ ಕೂತಂತೆ ಮಲಗಿತ್ತು. ಕತ್ತು ಹಾವಿನಂತೆ ಡೊಂಕಾಗಿ, ತಲೆ ಪಕ್ಕೆಯ ಕಡೆ ತಿರುಗಿತ್ತು. ತಲೆಯನ್ನು ನೆಟ್ಟಗೆ ಎಳೆದು ಬಿಟ್ಟರೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಮೂತಿ ಒಣಗಿತ್ತು. ಕಿವಿ ಮುಟ್ಟಿದರೆ ತಣ್ಣಗೆ. ಕಣ್ಣಿನ ಪಾಪೆ ಅಗಲವಾಗಿತ್ತು. ಬೆಳಿಗ್ಗೆಯಿಂದ ಸಗಣಿ ಹಾಕಿರಲಿಲ್ಲ, ಮೆಲುಕೂ ಇಲ್ಲ. ಉಷ್ಣತೆ 98 ಡಿಗ್ರಿ ಫ್ಯಾರನ್‌ಹೀಟ್. ಆರೋಗ್ಯವಾಗಿರುವ ಹಸುವಿಗೆ ಅದು 101.5ರ ಆಸುಪಾಸು ಇರಬೇಕು. ಹೃದಯ ಬೇಗ ಬೇಗ ಬಡಿಯುತ್ತಿತ್ತು, ಆದರೆ ಸ್ಟೆತಾಸ್ಕೋಪಿನಲ್ಲಿ ಸದ್ದು ದೂರದಿಂದ ಬಂದಂತೆ ಕೇಳುತ್ತಿತ್ತು. ಡಾಕ್ಟರಿಗೆ ಎರಡು ನಿಮಿಷವೂ ಬೇಕಾಗಲಿಲ್ಲ. ‘ಹಾಲುಜ್ವರ’ ಎಂದರು. ಬಾಟಲಿ ಹಾಕುವ ಮುಂಚೆ ನಮಗಾಗಿ ಸ್ವಲ್ಪ ರಕ್ತ ತೆಗೆದುಕೊಟ್ಟರು. ಆಮೇಲೆ ಲ್ಯಾಬಿನಲ್ಲಿ ನೋಡಿದರೆ ಕ್ಯಾಲ್ಸಿಯಂ ಡೆಸಿಲೀಟರಿಗೆ 4.6 ಮಿಲಿಗ್ರಾಂ. ಹಸುವಿಗೆ ಸಹಜವಾಗಿ 8.5ರಿಂದ 10 ಇರುತ್ತದೆ.

ಮೊದಲ ವರ್ಷದ ಹುಡುಗರಿಗೆ ಅಲ್ಲೇ ಒಂದು ಪ್ರಶ್ನೆ ಕೇಳಿದೆ. ತಣ್ಣನೆಯ ಕಿವಿ, ಒಣಗಿದ ಮೂತಿ, ನಿಂತುಹೋದ ಸಗಣಿ, ಅಗಲವಾದ ಪಾಪೆ, ಏಳಲಾಗದ ಕಾಲು. ಇವೆಲ್ಲ ಬೇರೆ ಬೇರೆ ಕಾಯಿಲೆಯ ಲಕ್ಷಣದ ಹಾಗೆ ಕಾಣುತ್ತವೆ. ಎಲ್ಲಕ್ಕೂ ಒಂದೇ ಕಾರಣ ಹೇಗೆ?

ಉತ್ತರ ಅವರ ಪುಸ್ತಕದಲ್ಲೇ ಇದೆ, ಆದರೆ ಬೇರೆ ಬೇರೆ ಅಧ್ಯಾಯಗಳಲ್ಲಿ. ನರದ ತುದಿಯಿಂದ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಹೊರಬರಬೇಕಾದರೆ ಕ್ಯಾಲ್ಸಿಯಂ ಒಳಗೆ ಹೋಗಬೇಕು. ಅದು ಬಾರದಿದ್ದರೆ ಸ್ನಾಯುವಿಗೆ ಅಪ್ಪಣೆ ಮುಟ್ಟುವುದಿಲ್ಲ, ಕಾಲು ಸೋಲುತ್ತದೆ. ಕರುಳಿನ ನಯಸ್ನಾಯು ಹಿಂಡಲು ಕ್ಯಾಲ್ಸಿಯಂ ಬೇಕು, ಅದಕ್ಕೇ ಸಗಣಿ ನಿಂತಿದೆ. ಪಾಪೆಯನ್ನು ಕಿರಿದು ಮಾಡುವುದೂ ಅಂಥದೇ ಸ್ನಾಯು. ಮೂತಿಯ ಗ್ರಂಥಿಗಳು ಬೆವರಿಳಿಸುವುದಕ್ಕೂ ಕ್ಯಾಲ್ಸಿಯಂ ಬೇಕು. ಹೃದಯದ ಬಡಿತಕ್ಕೆ ಬಲ ಇಲ್ಲದಾಗ ರಕ್ತ ಕಿವಿಯ ತನಕ ತಲುಪುವುದಿಲ್ಲ, ಕಿವಿ ತಣ್ಣಗಾಗುತ್ತದೆ. ಕ್ಯಾಲ್ಸಿಯಂ ಇಲ್ಲದೆ ಹೃದಯ ನಡೆಯುವುದಿಲ್ಲ ಅಂತ ಲಂಡನ್ನಿನಲ್ಲಿ ಸಿಡ್ನಿ ರಿಂಗರ್ 1883ರಲ್ಲೇ ಕಪ್ಪೆಯ ಹೃದಯ ಇಟ್ಟುಕೊಂಡು ತೋರಿಸಿದ್ದರು. ಮೊದಲು ನಲ್ಲಿ ನೀರಿನಲ್ಲಿ ಮಾಡಿದ ದ್ರಾವಣದಲ್ಲಿ ಹೃದಯ ಚೆನ್ನಾಗಿ ಬಡಿದಿತ್ತು. ಬಟ್ಟಿ ಇಳಿಸಿದ ನೀರು ಬಳಸಿದಾಗ ಸೋತುಹೋಯಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂನಿಂದಲೇ ಆ ವ್ಯತ್ಯಾಸ.

ಒಬ್ಬಳು ಹುಡುಗಿ ಕೇಳಿದಳು: ‘ಮೇಡಂ, ನಾಯಿಗೆ ಮರಿ ಹಾಕಿದ ಮೇಲೆ ಕ್ಯಾಲ್ಸಿಯಂ ಕಮ್ಮಿ ಆದ್ರೆ ಫಿಟ್ಸ್ ಬರುತ್ತೆ ಅಂತ ಓದಿದೀವಿ. ಹಸು ಯಾಕೆ ಉಲ್ಟಾ, ಸುಮ್ನೆ ಮಲಗಿಬಿಡುತ್ತೆ?’ ಒಳ್ಳೆಯ ಪ್ರಶ್ನೆ. ಕ್ಯಾಲ್ಸಿಯಂ ಕಮ್ಮಿಯಾದರೆ ಎರಡೂ ಪ್ರಾಣಿಗಳಲ್ಲಿ ನರದ ಪೊರೆ ಅತಿಯಾಗಿ ಕೆರಳುತ್ತದೆ. ನಾಯಿಯಲ್ಲಿ ನರದಿಂದ ಸ್ನಾಯುವಿಗೆ ಹೋಗುವ ಸಂದೇಶ ಕಡಿಯುವುದಿಲ್ಲ, ಹಾಗಾಗಿ ಸೆಟೆತ ಕಾಣುತ್ತದೆ. ಹಸುವಿನಲ್ಲಿ ಆ ಸಂದೇಶವೇ ಕಡಿದುಹೋಗುತ್ತದೆ. ಹಸುವಿಗೂ ಶುರುವಿನಲ್ಲಿ ಸ್ವಲ್ಪ ಹೊತ್ತು ನಡುಕ, ಗಾಬರಿ ಇರುತ್ತದೆ. ಹಾಗೆ ಆಗಿತ್ತಾ ಅಂತ ಮನೆಯವರನ್ನು ಕೇಳಿದೆವು. ‘ಮಧ್ಯಾಹ್ನ ತಲೆ ಒದರ್ತಿತ್ತು, ಮೈ ಅದುರ್ತಿತ್ತು, ನೊಣ ಕಚ್ತಿರ್ಬೇಕು ಅನ್ಕಂಡೆ’ ಅಂದರು ಮನೆಯ ಅಮ್ಮ. ಪುಸ್ತಕ ಮೊದಲ ಹಂತ ಅಂತ ಕರೆಯುವುದನ್ನು ಅವರು ಕಣ್ಣಾರೆ ಕಂಡಿದ್ದರು.

ಈಗ ಬಾಟಲಿಯ ಮಾತು. ಬೆಚ್ಚಗೆ ಮಾಡಿದ 450 ಮಿಲಿಲೀಟರ್ ಕ್ಯಾಲ್ಸಿಯಂ ಬೋರೋಗ್ಲುಕೋನೇಟ್, ಕತ್ತಿನ ದೊಡ್ಡ ರಕ್ತನಾಳಕ್ಕೆ. ಡಾಕ್ಟರು ಒಂದು ಕೈಯಲ್ಲಿ ಬಾಟಲಿ ಎತ್ತಿ ಹಿಡಿದಿದ್ದರು, ಇನ್ನೊಂದು ಕೈಯಲ್ಲಿ ಸ್ಟೆತಾಸ್ಕೋಪ್ ಎದೆಗೆ ಒತ್ತಿದ್ದರು. ಬಡಿತ ತಪ್ಪಿದಂತೆ ಅನಿಸಿದರೆ ಬಾಟಲಿ ಕೆಳಗಿಳಿಸುತ್ತಿದ್ದರು, ಸರಿಯಾದ ಮೇಲೆ ಮತ್ತೆ ಎತ್ತುತ್ತಿದ್ದರು. ಯಾವ ಕ್ಯಾಲ್ಸಿಯಂ ಇಲ್ಲದೆ ಹೃದಯ ಸೋಲುತ್ತದೋ ಅದೇ ಕ್ಯಾಲ್ಸಿಯಂ ಬೇಗ ಹರಿದರೆ ಹೃದಯ ನಿಂತೇ ಹೋಗಬಹುದು. ಹಳ್ಳಿಗಳಲ್ಲಿ ಕಂಡಕಂಡವರು ಬಾಟಲಿ ಏರಿಸುವ ಅಭ್ಯಾಸ ಇದೆಯಲ್ಲ, ಅದು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ.

ಅರ್ಧ ಬಾಟಲಿ ಹೋಗುವಷ್ಟರಲ್ಲಿ ತೊಡೆಯ ಸ್ನಾಯು ಸಣ್ಣಗೆ ನಡುಗತೊಡಗಿತು. ಒಂದು ತೇಗು ಬಂತು. ಮೂತಿಯ ಮೇಲೆ ಬೆವರ ಹನಿ ಮೂಡಿತು. ಗಟ್ಟಿ ಸಗಣಿ ಬಿತ್ತು, ಮೇಲೆ ಲೋಳೆ. ಅದನ್ನು ಕಂಡು ವಿದ್ಯಾರ್ಥಿಗಳು ಖುಷಿಯಿಂದ ಕೂಗಿದ್ದನ್ನು ನೋಡಿ ಮನೆಯವರಿಗೆ ಆಶ್ಚರ್ಯವಾಯಿತು. ಅವರಿಗೆ ಅದು ಸಗಣಿ. ಹುಡುಗರಿಗೆ ಅದು ನಯಸ್ನಾಯು ಮತ್ತೆ ಕೆಲಸಕ್ಕೆ ಬಂದದ್ದರ ಸಾಕ್ಷಿ. ಸ್ವಲ್ಪ ಹೊತ್ತಿಗೆ ಹಸು ಮುಂಗಾಲೂರಿ, ಹಿಂಬದಿ ಎತ್ತಿ, ಎದ್ದು ನಿಂತಿತು.

ಕ್ಷೇತ್ರದ ಡಾಕ್ಟರಿಗೆ ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು. ನಮಗೆ ಅಲ್ಲಿಂದಲೇ ಶುರು.

ಲೆಕ್ಕ ಹಾಕಿ ನೋಡಿ. ಗಿಣ್ಣುಹಾಲಿನಲ್ಲಿ ಲೀಟರಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಮಾಮೂಲಿ ಹಾಲಿನದಕ್ಕಿಂತ ಜಾಸ್ತಿ. 8 ಲೀಟರ್ ಕರೆದರೆ 16 ಗ್ರಾಂ ಆಚೆ ಹೋಯಿತು. ಈ ಗಾತ್ರದ ಹಸುವಿನ ರಕ್ತದ ದ್ರವಭಾಗದಲ್ಲಿ ಒಟ್ಟು ಇರುವುದೇ 2ರಿಂದ 3 ಗ್ರಾಂ. ಅಂದರೆ ಒಂದೇ ಹೊತ್ತಿನ ಕರೆತದಲ್ಲಿ ರಕ್ತದಲ್ಲಿ ಇದ್ದುದರ ಐದರಿಂದ ಎಂಟು ಪಟ್ಟು ಹೋಗಿದೆ. ಹಿಂದಿನ ದಿನದವರೆಗೆ, ಬತ್ತಿಸಿದ ಗಬ್ಬದ ಹಸುವಾಗಿದ್ದಾಗ, ಇಡೀ ದಿನಕ್ಕೆ ಬೇಕಾಗಿದ್ದದ್ದು ಹತ್ತು ಹನ್ನೆರಡು ಗ್ರಾಂ.

ಇದೇ ಹಸುವಿನ ಎಲುಬುಗಳಲ್ಲಿ 5 ಕಿಲೋಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಕಿಲೋಗಟ್ಟಲೆ ಇಟ್ಟುಕೊಂಡು ಮೂರು ಗ್ರಾಮಿಗೆ ಪರದಾಡುವುದು ಹೇಗೆ? ನಮ್ಮ ಹಳೆಯ ಮೈಸೂರು ಸೀಮೆಯ ಹಗೇವು, ನೆಲದೊಳಗಿನ ಕಣಜ, ನೆನಪಿಸಿಕೊಳ್ಳಿ. ಒಳಗೆ ರಾಗಿ ತುಂಬಿದ್ದರೂ, ಹಸಿವಾದ ತಕ್ಷಣ ಇಳಿದು ತರುವಂತಿಲ್ಲ. ಬಾಯಿ ತೆಗೆದು, ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕು. ಎಲುಬೂ ಹಾಗೆಯೇ.

ತರಗತಿಯಲ್ಲಿ ನಾವು ಕ್ಯಾಲ್ಸಿಯಂ ಹತೋಟಿಯನ್ನು ಬಾಣಗಳಲ್ಲಿ ಬರೆಯುತ್ತೇವೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಪ್ಯಾರಾಥೈರಾಯ್ಡ್ ಹಾರ್ಮೋನು ಏರುತ್ತದೆ. ಅಲ್ಲಿಂದ ಒಂದು ಬಾಣ ಮೂತ್ರಪಿಂಡಕ್ಕೆ, ಒಂದು ಎಲುಬಿಗೆ. ಮೂತ್ರಪಿಂಡದಲ್ಲಿ ವಿಟಮಿನ್ ಡಿ ಚುರುಕಾಗಿ, ಅಲ್ಲಿಂದ ಇನ್ನೊಂದು ಬಾಣ ಕರುಳಿಗೆ. ಎಲ್ಲ ಬಾಣಗಳೂ ಒಂದೇ ಉದ್ದ. ಬೋರ್ಡಿನ ಮೇಲೆ ಗಡಿಯಾರ ಇರುವುದಿಲ್ಲ. ನಿಜವಾದ ಹಸುವಿನಲ್ಲಿ ಮೂತ್ರಪಿಂಡ ನಿಮಿಷಗಳಲ್ಲಿ ಸ್ಪಂದಿಸುತ್ತದೆ, ಆದರೆ ಅಲ್ಲಿ ಉಳಿಸಬಹುದಾದ ಕ್ಯಾಲ್ಸಿಯಂ ತೀರಾ ಅಲ್ಪ. ಕರುಳು ಹೆಚ್ಚು ಹೀರಿಕೊಳ್ಳಲು ತಯಾರಾಗುವುದಕ್ಕೆ ಸುಮಾರು ಒಂದು ದಿನ ಬೇಕು. ಎಲುಬು ಕರಗಿಸುವ ಜೀವಕೋಶಗಳು ಸರಿಯಾಗಿ ಕೆಲಸಕ್ಕಿಳಿಯಲು ಎರಡು ದಿನ. ವಯಸ್ಸಾದಷ್ಟೂ ಇದು ಇನ್ನೂ ನಿಧಾನ, ಅದಕ್ಕೇ ಮೊದಲ ಸೂಲಿನ ಕಡಸುಗಳಿಗೆ ಹಾಲುಜ್ವರ ಅಪರೂಪ. ಹಾಲು ಕರೆಯುವ ಕೈಗೆ ಬೇಕಾದದ್ದು ಹತ್ತು ನಿಮಿಷ. ಈ ಅಂತರವೇ ಕಾಯಿಲೆ.

ಮಾರನೇ ದಿನ ಅದು ಕಣ್ಣಮುಂದೆಯೇ ಕಂಡಿತು. ಹಸು ಗೆಲುವಾಗಿದೆ ಅಂತ ಬೆಳಿಗ್ಗೆ ಮತ್ತೆ ಕೆಚ್ಚಲು ಬರಿದು ಮಾಡಿದರು. ಮಧ್ಯಾಹ್ನ ಹಸು ಮತ್ತೆ ಮಲಗಿತು. ಮರುಕಳಿಸುವುದು ಈ ಕಾಯಿಲೆಯಲ್ಲಿ ಹೊಸದೇನಲ್ಲ. ಬಾಟಲಿಯಲ್ಲಿ ಇರುವುದು 8 ಗ್ರಾಮಿನಷ್ಟು ಕ್ಯಾಲ್ಸಿಯಂ. ಅದು ಕೆಲವು ಗಂಟೆ ರಕ್ತವನ್ನು ಸಹಜಕ್ಕಿಂತ ಮೇಲೆ ಏರಿಸುತ್ತದೆ. ಆಗ ಪ್ಯಾರಾಥೈರಾಯ್ಡ್ ಗ್ರಂಥಿ ಸುಮ್ಮನಾಗುತ್ತದೆ, ಬಂದ ಕ್ಯಾಲ್ಸಿಯಂನಲ್ಲಿ ಒಂದಿಷ್ಟು ಮೂತ್ರದಲ್ಲಿ ಹೋಗುತ್ತದೆ. ಬಾಟಲಿಯ ಬಲ ಇಳಿಯುವ ಹೊತ್ತಿಗೆ ಎಲುಬು, ಕರುಳು ಇನ್ನೂ ತಯಾರಾಗಿರುವುದಿಲ್ಲ. ಹಾಗಂತ ಮಲಗಿದ ಹಸುವಿಗೆ ಬಾಟಲಿ ಹಾಕದೆ ಬಿಡುವಂತಿಲ್ಲ, ಅದು ಜೀವ ಉಳಿಸುತ್ತದೆ. ಆದರೆ ಇನ್ನೂ ನಿಂತಿರುವ ಹಸುವಿಗೆ ‘ಇರಲಿ’ ಅಂತ ರಕ್ತನಾಳಕ್ಕೆ ಹಾಕುವುದು ಬೇಡ, ಬಾಯಿಯ ಮೂಲಕ ಕೊಡುವುದು ಮೇಲು. ಎರಡನೇ ಬಾಟಲಿಗೆ ಹಸು ಎದ್ದಿತು. ಈ ಸಲ ಡಾಕ್ಟರು ಎದ್ದ ಮೇಲೆ ಬಾಯಿಗೂ ಕ್ಯಾಲ್ಸಿಯಂ ಕೊಡಿಸಿದರು. ಎರಡು ದಿನ ಕೆಚ್ಚಲನ್ನು ಬರಿದು ಮಾಡಬೇಡಿ, ಕರುವಿಗೆ ಬೇಕಾದಷ್ಟು ಮಾತ್ರ ಕರೆಯಿರಿ ಎಂದು ಗಟ್ಟಿಯಾಗಿ ಹೇಳಿದರು. ಮೂರನೇ ಸಲ ಬೀಳಲಿಲ್ಲ.

ಅಮ್ಮ ಅವತ್ತು ಕೇಳಿದ ಪ್ರಶ್ನೆ ಇಡೀ ಪ್ರಕರಣದ ಜೀವಾಳ. ‘ಒಂದ್ ತಿಂಗ್ಳಿಂದ ಕ್ಯಾಲ್ಸಿಯಂ ಟಾನಿಕ್ ಕುಡುಸ್ತಾನೇ ಇದೀನಿ ಮೇಡಂ. ಇನ್ನೆಷ್ಟ್ ಕುಡುಸ್ಬೇಕಿತ್ತು?’

ಅವರು ಒಳ್ಳೆಯದಕ್ಕೇ ಮಾಡಿದ್ದರು. ಗಬ್ಬದ ಕೊನೆಯ ತಿಂಗಳು ಹಸುವಿಗೆ ಟಾನಿಕ್, ಒಳ್ಳೆಯ ಹಸಿರು ನೇಪಿಯರ್ ಹುಲ್ಲು, ಜೊತೆಗೆ ಕುದುರೆ ಮಸಾಲೆ ಸೊಪ್ಪು. ಯಾವುದರಲ್ಲೂ ಜಿಪುಣತನ ಇಲ್ಲ. ಹಾಗಿದ್ದೂ ಹಸು ಬಿತ್ತು. ಇದಕ್ಕೆ ಉತ್ತರ ಹೇಳಬೇಕಾದರೆ ನೂರಿಪ್ಪತ್ತು ವರ್ಷಗಳ ಸಂಶೋಧನೆಯ ದಾರಿಯನ್ನು ಒಮ್ಮೆ ನೋಡಬೇಕು.

1897ರಲ್ಲಿ ಡೆನ್ಮಾರ್ಕಿನ ಕೋಲ್ಡಿಂಗ್ ಊರಿನ ಪಶುವೈದ್ಯ ಷ್ಮಿಟ್ ಈ ಕಾಯಿಲೆಗೆ ಕೆಚ್ಚಲೊಳಗೆ ಪೊಟ್ಯಾಸಿಯಂ ಅಯೊಡೈಡ್ ದ್ರಾವಣ ತುಂಬಿಸಿ ನೋಡಿದರು. ಕೆಚ್ಚಲಲ್ಲಿ ಏನೋ ವಿಷ ಹುಟ್ಟುತ್ತದೆ, ಅದನ್ನು ಕೊಲ್ಲಬೇಕು ಎನ್ನುವುದು ಅವರ ಎಣಿಕೆ. ಅಲ್ಲಿಯವರೆಗೆ ಬಹುಪಾಲು ಹಸುಗಳು ಸಾಯುತ್ತಿದ್ದವು, ಈಗ ಬಹುಪಾಲು ಬದುಕತೊಡಗಿದವು. ಕೆಲವೇ ವರ್ಷಗಳಲ್ಲಿ ಔಷಧಿಯೂ ಬೇಡ, ಬರೀ ಗಾಳಿ ಊದಿದರೂ ಸಾಕು, ಇನ್ನೂ ಚೆನ್ನಾಗಿ ಏಳುತ್ತವೆ ಅಂತ ಗೊತ್ತಾಯಿತು. ವಿಷದ ವಾದ ತಪ್ಪಾಗಿತ್ತು, ಚಿಕಿತ್ಸೆ ಸರಿಯಾಗಿತ್ತು. ಗಾಳಿ ತುಂಬಿದ ಕೆಚ್ಚಲಲ್ಲಿ ಒತ್ತಡ ಏರಿ ಹಾಲು ಇಳಿಯುವುದು ನಿಲ್ಲುತ್ತದೆ, ಅದರೊಡನೆ ಕ್ಯಾಲ್ಸಿಯಂ ಸೋರುವುದೂ ನಿಲ್ಲುತ್ತದೆ. ಹಸುವಿನ ಎಲುಬು, ಕರುಳುಗಳಿಗೆ ಎಚ್ಚರವಾಗಲು ಸಮಯ ಸಿಗುತ್ತದೆ. ಕೆಚ್ಚಲು ಬಾವು ತರುವ ಅಪಾಯ ಇರುವುದರಿಂದ ಈಗ ಯಾರೂ ಹಾಗೆ ಮಾಡಬಾರದು. ಆದರೆ ಪಾಠ ಹೇಳಲು ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಸಿಕ್ಕಿಲ್ಲ.

1925ರಲ್ಲಿ ಎಡಿನ್‌ಬರೋದ ಡ್ರೈಯರ್ ಮತ್ತು ಗ್ರೇಗ್, ಇದು ರಕ್ತದ ಕ್ಯಾಲ್ಸಿಯಂ ಕುಸಿತ, ಪ್ಯಾರಾಥೈರಾಯ್ಡ್ ಗ್ರಂಥಿಗೆ ಸಂಬಂಧಿಸಿದ್ದು ಎಂದು ವಾದ ಮುಂದಿಟ್ಟರು. ಡ್ರೈಯರ್ ಪಶುವೈದ್ಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರದ ಮೇಷ್ಟ್ರು. ಅದೇ ವರ್ಷ ಲಿಟ್ಲ್ ಮತ್ತು ರೈಟ್ ಕೂಡ ರೋಗಿ ಹಸುಗಳ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರುವುದನ್ನು ಅಳೆದು ತೋರಿಸಿದರು. ಬಾಟಲಿ ಚಿಕಿತ್ಸೆ ಬಂದದ್ದು ಅದರ ನಂತರ.

ಕ್ಯಾಲ್ಸಿಯಂ ಕಮ್ಮಿ ಅಂತ ಗೊತ್ತಾದ ಮೇಲೆ ಎಲ್ಲರಿಗೂ ತೋಚುವುದು ಒಂದೇ: ಮೊದಲೇ ಜಾಸ್ತಿ ತಿನ್ನಿಸಿಬಿಡೋಣ. ನಮ್ಮ ಅಮ್ಮ ಮಾಡಿದ್ದೂ ಅದನ್ನೇ. 1954ರಲ್ಲಿ ಬೋಡಾ ಮತ್ತು ಕೋಲ್ ಇದರ ಉಲ್ಟಾ ಮಾಡಿ ನೋಡಿದರು. ಕರು ಹಾಕುವ ಮುಂಚಿನ ದಿನಗಳಲ್ಲಿ ಕ್ಯಾಲ್ಸಿಯಂ ಕಮ್ಮಿ ಇರುವ ಮೇವು ಕೊಟ್ಟರು. ಹಾಲುಜ್ವರ ತಪ್ಪಿತು. ಮೇವಿನಲ್ಲಿ ಕಮ್ಮಿಯಾದಾಗ ಹಾರ್ಮೋನು ಮೊದಲೇ ಏರಿ, ಎಲುಬು, ಕರುಳು ಮೊದಲೇ ಕೆಲಸಕ್ಕಿಳಿದಿರುತ್ತವೆ. ಕರು ಹಾಕಿದ ದಿನ ಎಚ್ಚರಗೊಳ್ಳುವ ಗೋಜಿರುವುದಿಲ್ಲ. ಆದರೆ ಹಸಿರು ಮೇವು ತಿನ್ನುವ ಹಸುವಿಗೆ ಅಷ್ಟು ಕಮ್ಮಿ ಕ್ಯಾಲ್ಸಿಯಂ ಇರುವ ಆಹಾರ ಹೊಂದಿಸುವುದು ಬಹಳ ಕಷ್ಟ.

ಮುಂದಿನ ತಿರುವು ನಾರ್ವೆಯಿಂದ. ಎಂಡರ್, ಡಿಶಿಂಗ್‌ಟನ್ ಮೊದಲಾದವರು 1970ರ ದಶಕದಲ್ಲಿ ಮೇವಿನ ಲವಣಗಳ ಸಮತೋಲನಕ್ಕೆ ಕೈ ಹಾಕಿದರು. 1984ರಲ್ಲಿ ಕೆನಡಾದ ಬ್ಲಾಕ್ ಪ್ರಕಟಿಸಿದ ಪ್ರಯೋಗದಲ್ಲಿ, ಸೋಡಿಯಂ ಪೊಟ್ಯಾಸಿಯಂ ಮೇಲುಗೈಯಾದ ಮೇವು ತಿಂದ ಹಸುಗಳಲ್ಲಿ ಹತ್ತಿರ ಹತ್ತಿರ ಅರ್ಧಕ್ಕೆ ಹಾಲುಜ್ವರ ಬಂತು. ಕ್ಲೋರೈಡ್, ಸಲ್ಫೇಟ್ ಮೇಲುಗೈಯಾದ ಮೇವು ತಿಂದವುಗಳಲ್ಲಿ ಒಂದಕ್ಕೂ ಬರಲಿಲ್ಲ. 1997ರಲ್ಲಿ ಅಮೆರಿಕದ ಗಾಫ್ ಮತ್ತು ಹೋರ್ಸ್ಟ್ ಇನ್ನೂ ನೇರವಾಗಿ ತೋರಿಸಿದರು: ಕರು ಹಾಕುವ ಮುಂಚಿನ ಮೇವಿಗೆ ಪೊಟ್ಯಾಸಿಯಂ ಅಥವಾ ಸೋಡಿಯಂ ಸೇರಿಸಿದರೆ ಹಾಲುಜ್ವರ ಏರುತ್ತದೆ, ಕ್ಯಾಲ್ಸಿಯಂ ಸೇರಿಸಿದ್ದಕ್ಕೆ ಏರುವುದಿಲ್ಲ.

ಕ್ಲೋರೈಡ್, ಸಲ್ಫೇಟ್ ರಕ್ತವನ್ನು ಆಮ್ಲದ ಕಡೆ ಎಳೆಯುತ್ತವೆ. ಪೊಟ್ಯಾಸಿಯಂ ಜಾಸ್ತಿ ಹೀರಿಕೊಂಡ ಹಸುವಿನ ರಕ್ತ ಸ್ವಲ್ಪ ಕ್ಷಾರದ ಕಡೆ ವಾಲುತ್ತದೆ. ಆ ಕ್ಷಾರ ಸ್ಥಿತಿಯಲ್ಲಿ ಪ್ಯಾರಾಥೈರಾಯ್ಡ್ ಹಾರ್ಮೋನು ಎಲುಬು, ಮೂತ್ರಪಿಂಡದ ಕೋಶಗಳ ಗ್ರಾಹಕಕ್ಕೆ (ಹಾರ್ಮೋನು ಬಂದು ಕೂರುವ ಜಾಗ) ಸರಿಯಾಗಿ ಕೂರುವುದಿಲ್ಲ. ಹಾರ್ಮೋನು ಇದೆ, ಆದರೆ ಅದರ ಮಾತು ನಡೆಯುವುದಿಲ್ಲ. ಅಮ್ಮನ ಪ್ರಶ್ನೆಗೆ ಉತ್ತರ ಇಲ್ಲಿದೆ. ಬೇಕಾಗಿದ್ದದ್ದು ಇನ್ನಷ್ಟು ಟಾನಿಕ್ ಅಲ್ಲ. ಒಳಗಿದ್ದ ಕಿಲೋಗಟ್ಟಲೆ ಕ್ಯಾಲ್ಸಿಯಂ ಹೊರಬರುವ ದಾರಿ ತೆರೆದಿರಬೇಕಿತ್ತು.

ಹಾಗಾದರೆ ಅಷ್ಟು ಪೊಟ್ಯಾಸಿಯಂ ಎಲ್ಲಿಂದ ಬಂತು? ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯ ಅನಿಸಿದ ಸಂಗತಿ ಕೊಟ್ಟಿಗೆಯ ಹಿಂದೆ ಇತ್ತು. ಕೊಟ್ಟಿಗೆ ತೊಳೆದ ನೀರು, ಗಂಜಲ ಎಲ್ಲ ಸೇರಿ ಒಂದು ಕಾಲುವೆಯಲ್ಲಿ ಹರಿದು ನೇರ ನೇಪಿಯರ್ ತಾಕಿಗೆ ಹೋಗುತ್ತಿತ್ತು. ಹುಲ್ಲು ಆಳೆತ್ತರ ಬೆಳೆದು ಕಡುಹಸಿರಾಗಿತ್ತು. ಹಸು ತಿಂದ ಪೊಟ್ಯಾಸಿಯಂ ಬಹುಪಾಲು ಗಂಜಲದಲ್ಲೇ ಹೊರಬೀಳುತ್ತದೆ. ಗಂಜಲ ಹುಲ್ಲಿಗೆ. ಮಣ್ಣಲ್ಲಿ ಎಷ್ಟು ಸಿಕ್ಕಿದರೆ ಅಷ್ಟನ್ನೂ, ತನ್ನ ಬೆಳವಣಿಗೆಗೆ ಬೇಕಾದ್ದಕ್ಕಿಂತ ಜಾಸ್ತಿಯೇ, ಹುಲ್ಲು ಹೀರಿಕೊಳ್ಳುತ್ತದೆ. ಆ ಹುಲ್ಲು ಮತ್ತೆ ಅದೇ ಹಸುವಿಗೆ. ಕರೆಯುವ ಹಸುವಿಗೆ ಈ ಹುಲ್ಲು ಚೆನ್ನಾಗಿಯೇ ಒಗ್ಗುತ್ತದೆ. ಗಬ್ಬದ ಕೊನೆಯ ಮೂರು ವಾರ ಮಾತ್ರ ಅದು ಬೇಡದ ಮೇವು.

ಅದೇ ಕೊಟ್ಟಿಗೆಯಲ್ಲಿ ಇನ್ನೊಂದು ಹಸು ಗಬ್ಬವಿತ್ತು, ಮೂರನೇ ಸೂಲಿಗೆ. ಅದರ ಮೂತ್ರದ ಪಿಎಚ್ 8.4 ಇತ್ತು, ಅಂದರೆ ಕ್ಷಾರದ ಕಡೆ. ಡಾಕ್ಟರೂ ನಾವೂ ಕೂತು ಯೋಚಿಸಿ, ಕೊನೆಯ ಮೂರು ವಾರಕ್ಕೆ ಮೇವು ಬದಲಿಸಿದೆವು. ಆ ತಾಕಿನ ನೇಪಿಯರ್, ಕುದುರೆ ಮಸಾಲೆ ಎರಡೂ ನಿಂತವು. ಮುಸುಕಿನ ಜೋಳದ ಸೈಲೇಜ್, ಸ್ವಲ್ಪ ರಾಗಿ ಹುಲ್ಲು ಬಂತು. ಅಮೋನಿಯಂ ಕ್ಲೋರೈಡ್, ಮೆಗ್ನೀಸಿಯಂ ಸಲ್ಫೇಟ್ ಇರುವ ಲವಣವನ್ನು ಡಾಕ್ಟರು ಹೇಳಿದ ಅಳತೆಯಲ್ಲಿ ಹಿಂಡಿಗೆ ಬೆರೆಸಿದರು. ಮೆಗ್ನೀಸಿಯಂ ಸುಮ್ನೆ ಸೇರಿಸಿದ್ದಲ್ಲ. ಅದು ಕಮ್ಮಿಯಾದರೂ ಪ್ಯಾರಾಥೈರಾಯ್ಡ್ ಹಾರ್ಮೋನಿನ ಕೆಲಸ ಕೆಡುತ್ತದೆ. ಲವಣದ ರುಚಿ ಹಸುಗಳಿಗೆ ಹಿಡಿಸುವುದಿಲ್ಲ. ಮೊದಲೆರಡು ದಿನ ಬಕೆಟ್ಟಿಗೆ ಮೂತಿ ಹಾಕಿ ಹಿಂದೆ ಸರಿಯಿತು, ಬೂಸಾ ಜಾಸ್ತಿ ಬೆರೆಸಿದ ಮೇಲೆ ತಿಂದಿತು. ಟಾನಿಕ್ ನಿಲ್ಲಿಸುವುದಕ್ಕೆ ಅಮ್ಮ ಒಪ್ಪಲು ಒಂದು ವಾರ ಹಿಡಿಯಿತು. ಒಪ್ಪಿದ ಮೇಲೆ ಬಣ್ಣ ಬದಲಿಸುವ ಪಿಎಚ್ ಪಟ್ಟಿ ಹಿಡಿದು ಮೂತ್ರ ನೋಡುವ ಕೆಲಸವನ್ನು ಅವರೇ ವಹಿಸಿಕೊಂಡರು. ‘ನೀಲಿ ಹೋಗಿ ಹಸಿರಿಗೆ ಬಂತು’ ಅಂತ ವಿದ್ಯಾರ್ಥಿಗೆ ಫೋನ್ ಮಾಡಿ ಹೇಳುತ್ತಿದ್ದರು. ಕೊನೆಗೆ ಪಿಎಚ್ 6.8ಕ್ಕೆ ಇಳಿಯಿತು.

ಆ ಹಸು ಕರು ಹಾಕಿ ನಿಂತೇ ಇತ್ತು. ಬೀಳಲಿಲ್ಲ. ಮರುದಿನದ ರಕ್ತದಲ್ಲಿ ಕ್ಯಾಲ್ಸಿಯಂ 7.6. ಇದನ್ನು ಗೆಲುವು ಅಂತ ಬರೆದುಕೊಳ್ಳಲು ವಿದ್ಯಾರ್ಥಿಗಳಿಗೆ ನಾನು ಬಿಡಲಿಲ್ಲ. ಒಂದು ಹಸುವಿನಿಂದ ಏನೂ ಸಾಬೀತಾಗುವುದಿಲ್ಲ. ಮೇವು ಬದಲಿಸದಿದ್ದರೂ ಅದು ನಿಂತಿರಬಹುದಿತ್ತು. ಮೇಲಾಗಿ 8ಕ್ಕಿಂತ ಕೆಳಗಿದ್ದರೆ ಅದು ಕಣ್ಣಿಗೆ ಕಾಣದ ಕ್ಯಾಲ್ಸಿಯಂ ಕೊರತೆಯೇ. ಇಂಥ ಹಸು ಬೀಳುವುದಿಲ್ಲ, ಆದರೆ ಮೊಲೆತೊಟ್ಟಿನ ತೂತು ಬಿಗಿಯಾಗಿ ಮುಚ್ಚದೆ ಕೆಚ್ಚಲು ಬಾವಿಗೆ ದಾರಿಯಾಗಬಹುದು, ಕಸ ಬೀಳದೆ ಉಳಿಯಬಹುದು, ಮೇವು ಬಿಡಬಹುದು. ಬಿದ್ದ ಹಸುವಿಗೆ ಡಾಕ್ಟರು ಬರುತ್ತಾರೆ. ನಿಂತ ಹಸುವಿನ ನಷ್ಟ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಈ ಪ್ರಕರಣದ ನಂತರ ಕ್ಯಾಲ್ಸಿಯಂ ಪಾಠವನ್ನು ನಾನು ಬೇರೆ ಥರ ಮಾಡುತ್ತಿದ್ದೇನೆ. ಬೋರ್ಡಿನ ಬಾಣಗಳು ಈಗಲೂ ಇವೆ, ಆದರೆ ಪ್ರತಿ ಬಾಣದ ಪಕ್ಕ ಸಮಯ ಬರೆಯಬೇಕು. ವಿದ್ಯಾರ್ಥಿಗಳಿಗೆ ಕರು ಹಾಕುವ ಹಿಂದಿನ ದಿನದಿಂದ ಮೂರನೇ ದಿನದವರೆಗೆ ಗಂಟೆವಾರು ಲೆಕ್ಕ ಹಾಕಲು ಕೊಡುತ್ತೇನೆ: ಎಷ್ಟು ಗ್ರಾಂ ಒಳಬಂತು, ಎಷ್ಟು ಹೋಯಿತು, ಯಾವ ಅಂಗ ಯಾವಾಗ ಎಚ್ಚರವಾಯಿತು. ಶರೀರಕ್ರಿಯಾಶಾಸ್ತ್ರವನ್ನು ಶುರುವಿನಲ್ಲೇ ಕಲಿಸಿ, ರೋಗಿಯ ಮುಂದೆ ನಿಲ್ಲಿಸುವುದನ್ನು ವರ್ಷಗಟ್ಟಲೆ ಮುಂದಕ್ಕೆ ಹಾಕುವ ಪದ್ಧತಿ ಬದಲಾಗಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಮೊದಲ ವರ್ಷದ ಹುಡುಗರು ಇಂಜೆಕ್ಷನ್ ಹಾಕುವುದು ಬೇಡ. ಕೊಟ್ಟಿಗೆಯಲ್ಲಿ ನಿಂತು ತಣ್ಣನೆಯ ಕಿವಿ ಮುಟ್ಟಿ ನೋಡಲಿ, ಸಾಕು.

ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಒಬ್ಬ ಈಗ ಆ ಕಾಲುವೆಯ ಬೆನ್ನು ಹತ್ತಿದ್ದಾನೆ. ಕೊಟ್ಟಿಗೆ ನೀರು ಹರಿಯುವ ತಾಕಿನಿಂದ ಒಂದು ಕಂತೆ ನೇಪಿಯರ್, ಹರಿಯದ ತಾಕಿನಿಂದ ಒಂದು ಕಂತೆ. ಊರೂರು ತಿರುಗಿ ತಂದು, ಒಣಗಿಸಿ, ಪುಡಿಮಾಡಿ, ಫ್ಲೇಮ್ ಫೋಟೋಮೀಟರಿನಲ್ಲಿ ಪೊಟ್ಯಾಸಿಯಂ ಅಳೆಯುತ್ತಿದ್ದಾನೆ. ಜೊತೆಗೆ ಅದೇ ಮನೆಗಳ ಗಬ್ಬದ ಹಸುಗಳ ಮೂತ್ರದ ಪಿಎಚ್ ಕೂಡ ಬರೆದುಕೊಳ್ಳುತ್ತಿದ್ದಾನೆ. ಎರಡು ಅಂಕಣಗಳನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಮುಂದಿನ ಕೆಲಸ.